ಕೆಟ್ಟಿದ್ದು ಸ್ಪೀಕರ್ ಅಲ್ಲ, 1,900 ರೂಪಾಯಿ ವಾಪಸ್ ಕೊಡಿ

ಇಂದ:
ಕಿನ್ನಾಳದ ನಿಮ್ಮ ಗ್ರಾಹಕ

ಗೆ:
ಮಾಲೀಕರು, ಲ್ಯಾಪ್‌ಟಾಪ್ ರಿಪೇರಿ ಅಂಗಡಿ, ಕೊಪ್ಪಳ

ವಿಷಯ: ವಿಡಿಯೊದಲ್ಲಿ ಧ್ವನಿ ಒಡೆಯುತ್ತಿದೆ ಎಂದು ತಂದ ಲ್ಯಾಪ್‌ಟಾಪ್‌ಗೆ ಸುಮ್ನೆ ಸ್ಪೀಕರ್ ಬದಲಿಸಿದ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ಲ್ಯಾಪ್‌ಟಾಪ್‌ಗೆ ಹೊಸದಾಗಿ ವಿಂಡೋಸ್ ಹಾಕಿಸಿದೆ. ಆ ಕೆಲಸದ ಬಗ್ಗೆ ತಕರಾರಿಲ್ಲ. ಮನೆಗೆ ಬಂದು ನಮ್ಮೂರ ದೊಡ್ಡಾಟದ ವಿಡಿಯೊ ಹಾಕಿದೆ. ಅದರಲ್ಲಿ ನಮ್ಮಪ್ಪನದು ಭೀಮನ ಪಾತ್ರ. ಮೆಲ್ಲಗೆ ಮಾತಾಡುವ ಕಡೆ ಧ್ವನಿ ಸರಿಯಿತ್ತು. ಮದ್ದಳೆ ಜೋರಾದ ಕೂಡಲೇ, ಅಪ್ಪ ಅಬ್ಬರಿಸಿದ ಕೂಡಲೇ, ಹರಿದ ತಗಡು ಬಡಿದ ಹಾಗೆ ಬರ್ ಬರ್ ಅನ್ನುತ್ತಿತ್ತು. ದೊಡ್ಡಾಟದಲ್ಲಿ ಮೊದಲೇ ಗದ್ದಲ ಜಾಸ್ತಿ, ರೆಕಾರ್ಡಿಂಗೇ ಕೆಟ್ಟಿರಬೇಕು ಅಂದುಕೊಂಡೆ. ಆದರೆ ಅದೇ ಫೈಲು ಮೊಬೈಲಿನಲ್ಲಿ ಸ್ವಚ್ಛವಾಗಿ ಕೇಳಿಸಿತು.

ಲ್ಯಾಪ್‌ಟಾಪ್ ಹೊತ್ತುಕೊಂಡು ಮತ್ತೆ ನಿಮ್ಮಲ್ಲಿಗೆ ಬಂದೆ. ಎರಡು ಮಾತು ಹೇಳಿದ್ದೆ, ನೆನಪಿರಬೇಕು. ಹೆಡ್‌ಫೋನ್ ಹಾಕಿದರೂ ಧ್ವನಿ ಹೀಗೇ ಒಡೆಯುತ್ತದೆ. ವಾಲ್ಯೂಮ್ ಇಳಿಸಿದರೆ ಸದ್ದು ಕಡಿಮೆಯಾಗುತ್ತದೆ, ಒಡಕು ಹೋಗುವುದಿಲ್ಲ. ನಿಮ್ಮ ಹುಡುಗ ಪೂರ್ತಿ ಕೇಳಿಸಿಕೊಳ್ಳದೆ "ಸ್ಪೀಕರ್ ಹೋಗ್ಯಾವ್ರಿ" ಅಂದ. ಎರಡು ದಿನ ಇಟ್ಟುಕೊಂಡು, ಹೊಸ ಸ್ಪೀಕರ್ ಹಾಕಿ 1,900 ರೂಪಾಯಿ ತೆಗೆದುಕೊಂಡಿರಿ. ಹೆಡ್‌ಫೋನ್ ಸಿಕ್ಕಿಸಿದಾಗ ಲ್ಯಾಪ್‌ಟಾಪಿನ ಸ್ಪೀಕರ್ ಬಾಯೇ ಬಿಡುವುದಿಲ್ಲ, ಅಲ್ವಾ? ಆಗಲೂ ಒಡಕು ಬರುತ್ತದೆ ಅಂದ ಮೇಲೆ ಸ್ಪೀಕರ್ ಏನು ತಪ್ಪು ಮಾಡಿತ್ತು? ಅಂಗಡಿಯಲ್ಲಿ ನೀವು ಹಾಕಿ ತೋರಿಸಿದ್ದು ಒಂದು ಮೆಲು ಹಾಡು. ನಂಬಿ ಎದ್ದು ಬಂದದ್ದು ನನ್ನ ದಡ್ಡತನ.

ಮನೆಯಲ್ಲಿ ನೋಡಿದರೆ ಅದೇ ಬರ್ ಬರ್. ನಾನೇ ಕೂತು ಹುಡುಕಿದೆ. ವಿಡಿಯೊ ನೋಡುವ ವಿಎಲ್‌ಸಿ ಪ್ಲೇಯರಿನಲ್ಲಿ ವಾಲ್ಯೂಮ್ ಶೇಕಡಾ 125ಕ್ಕೆ ಏರಿತ್ತು. 100ಕ್ಕೆ ಇಳಿಸಿದೆ, ಸ್ವಲ್ಪ ವಾಸಿಯಾಯಿತು, ಅಷ್ಟೇ. ಬೇರೆ ಪ್ಲೇಯರಿನಲ್ಲೂ ಒಡಕಿತ್ತು. ಕೊನೆಗೆ ಪ್ರೋಗ್ರಾಂಗಳ ಪಟ್ಟಿ ತೆಗೆದರೆ, ನಾನು ಹಾಕದ ಒಂದು ವಾಲ್ಯೂಮ್ ಬೂಸ್ಟರ್, ಅಂದರೆ ಲ್ಯಾಪ್‌ಟಾಪಿನ ಸದ್ದನ್ನೆಲ್ಲ ಏರಿಸುವ ಪ್ರೋಗ್ರಾಂ, ಅಲ್ಲಿ ಕೂತಿತ್ತು. ಅದು ಇನ್‌ಸ್ಟಾಲ್ ಆದದ್ದು ನೀವು ವಿಂಡೋಸ್ ಹಾಕಿದ ದಿನವೇ. ಆಗ ನೆನಪಾಯಿತು. "ಸೌಂಡ್ ಕಡಿಮಿ ಇತ್ರಿ, ಜಾಸ್ತಿ ಮಾಡಿ ಕೊಟ್ಟೀನ್ರಿ" ಎಂದು ನಿಮ್ಮ ಹುಡುಗ ಖುಷಿಯಿಂದ ಹೇಳಿದ್ದ. ಮದ್ದಳೆಯ ಪೆಟ್ಟು ಫೈಲಿನಲ್ಲಿ ಮೊದಲೇ ಮಿತಿ ಮುಟ್ಟಿರುತ್ತದೆ. ಅದನ್ನು ಇನ್ನೂ ಏರಿಸಿದರೆ ಸದ್ದಿನ ಅಲೆಯ ತುದಿ ಕತ್ತರಿಸಿ ಹೋಗುತ್ತದೆ. ಆಮೇಲೆ ವಾಲ್ಯೂಮ್ ಎಷ್ಟು ಇಳಿಸಿದರೂ ಹೋದ ತುದಿ ಮರಳಿ ಬರುವುದಿಲ್ಲ. ಬೂಸ್ಟರ್ ತೆಗೆದುಹಾಕಿ ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿದೆ. ಭೀಮ ಸರಿಯಾಗಿ ಗುಡುಗಿದ.

ಹುಡುಗ ಒಳ್ಳೆಯದಕ್ಕೇ ಮಾಡಿದ್ದಾನೆ, ಅವನನ್ನು ಬೈಯಬೇಡಿ. ಆದರೆ ನಿಮ್ಮಲ್ಲೇ ಆದ ತಪ್ಪಿಗೆ ನಾನು ದುಡ್ಡು ಕಟ್ಟುವುದು ಯಾವ ನ್ಯಾಯ? 1,900 ರೂಪಾಯಿ ವಾಪಸ್ ಕೊಡಿ. 15 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅದಕ್ಕೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ. ರಸೀದಿಯ ನಕಲು ಮತ್ತು ಬೂಸ್ಟರ್ ಇನ್‌ಸ್ಟಾಲ್ ಆದ ದಿನಾಂಕ ಕಾಣುವ ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ನನ್ನ ಹಳೇ ಸ್ಪೀಕರ್ ಎಸೆದಿಲ್ಲ ಅಂದುಕೊಂಡಿದ್ದೇನೆ. ಅದನ್ನೇ ಹಾಕಿ, ಹೊಸದನ್ನು ನೀವೇ ಇಟ್ಟುಕೊಳ್ಳಿ. ಬಿಚ್ಚುವಾಗ ಮಾತ್ರ ನಾನು ಎದುರಿಗೇ ಕೂತಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕ