ಪಂಚಾಯ್ತಿ ಸುದ್ದಿ ತಿಳ್ಕೊಳ್ಳೋಕೆ ವಾಟ್ಸಾಪ್ ಯಾಕೆ ಬೇಕು? ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ಕೇಳೋದನ್ನ ಮೊದಲೇ ಕೇಳಿಬಿಡ್ತೇನೆ, ಆಮೇಲೆ ನನ್ನ ಕಥೆ. ನಮ್ಮ ಜಿಲ್ಲೆಯ ಯಾವ ಪಂಚಾಯ್ತಿನೂ, ಶಾಲೆನೂ, ಇಲಾಖೆನೂ ಜನರಿಗೆ ಮುಟ್ಟಿಸಬೇಕಾದ ಸೂಚನೆಯನ್ನ ಬರೀ ವಾಟ್ಸಾಪ್ ಗ್ರೂಪಿಗೆ ಹಾಕಿ ಕೈ ತೊಳ್ಕೊಳ್ಳಬಾರದು, ಮತ್ತೆ ಯಾರದ್ದೇ ಆಧಾರ್ ಆಗಲಿ ಪಾಸ್‌ಬುಕ್ ಆಗಲಿ ಅಂಥ ಗ್ರೂಪಿಗೆ ಹಾಕಲೇಬಾರದು ಅಂತ ನೀವೊಂದು ಲಿಖಿತ ಆದೇಶ ಮಾಡಬೇಕು. ಇಷ್ಟೇ ನನ್ನ ಬೇಡಿಕೆ. ಇದಕ್ಕೆ ಟೆಂಡರ್ ಬೇಡ, ಅನುದಾನ ಬೇಡ.

ನಾನು ಕುಮಟಾ ತಾಲೂಕಿನವಳು, ಅಘನಾಶಿನಿ ಹೊಳೆ ಬದಿಯ ಊರು. ಮನೆಯಲ್ಲೇ ಹೊಲಿಗೆ ಮಾಡ್ತೇನೆ, ಯಜಮಾನರು ಗೋವಾದಲ್ಲಿ ಕೆಲಸಕ್ಕಿದ್ದಾರೆ, ಮನೆಯಲ್ಲಿ ನಾನು, ಆರನೇ ಕ್ಲಾಸಿನ ಮಗಳು, ಮತ್ತೆ ನನ್ನ ಅವ್ವಿ, ಅಂದ್ರೆ ನನ್ನ ತಾಯಿ. ಮನೆಗೆ ಇರೋದು ಒಂದೇ ಸ್ಮಾರ್ಟ್‌ಫೋನ್, ಅವ್ವಿ ಹತ್ರ ಇರೋದು ಬಟನ್ ಫೋನ್. ಈ ಸ್ಮಾರ್ಟ್‌ಫೋನ್ ಸಂಜೆಯಾದ್ರೆ ಮಗಳ ಕೈಯಲ್ಲಿ, ಯಾಕಂದ್ರೆ ಶಾಲೆಯವರು ಹೋಮ್‌ವರ್ಕ್ ಹಾಕೋದೇ ವಾಟ್ಸಾಪಿನಲ್ಲಿ. ಹೋಮ್‌ವರ್ಕ್ ಬರ್ಕೊಳ್ಳೋಕೆ ಹತ್ತು ನಿಮಿಷ ಸಾಕು, ಆದ್ರೆ ಅದೇ ಫೋನಿನಲ್ಲಿ ರೀಲ್ಸ್ ಇದೆ, ಒಂದು ಮುಗಿಯೋದ್ರೊಳಗೆ ಇನ್ನೊಂದು ತಾನಾಗೇ ಬರ್ತದೆ, ಅದಕ್ಕೆ ಕೊನೆ ಅಂತ ಇಲ್ಲ. ಕೊನೆ ಇಲ್ಲದ ಹಾಗೆ ಮಾಡಿದ್ದೇ ಬೇಕಂತ, ನೋಡಿದಷ್ಟೂ ಅವರಿಗೆ ಜಾಹೀರಾತಿನ ದುಡ್ಡು. ದೊಡ್ಡವರಿಗೇ ಬಿಡೋಕೆ ಆಗೋದಿಲ್ಲ, ಹನ್ನೊಂದು ವರ್ಷದ ಮಗುವಿಗೆ ಬೈದು ಏನು ಪ್ರಯೋಜನ ಹೇಳಿ. ಹಾಗಾಗಿ ಕಳೆದ ಮಳೆಗಾಲಕ್ಕೆ ಮೊದಲು ನಾನು ಗಟ್ಟಿ ಮನಸ್ಸು ಮಾಡಿ ಎಲ್ಲ ಬಿಡೋಣ ಅಂತ ತೀರ್ಮಾನ ಮಾಡಿದೆ. ಇನ್‌ಸ್ಟಾಗ್ರಾಂ ಡಿಲೀಟ್ ಕೊಟ್ಟೆ, ಅದು ಅವತ್ತೇ ಹೋಗೋದಿಲ್ಲ, 30 ದಿನ ಕಾಯಿಸ್ತದೆ, ಮಧ್ಯದಲ್ಲಿ ಮತ್ತೆ ಲಾಗಿನ್ ಆಗಿ ಬೇಡ ಅಂದ್ರೆ ಡಿಲೀಟೇ ರದ್ದು. ಅದನ್ನೂ ತಡ್ಕೊಂಡೆ, ಹೋಯ್ತು. ಆಮೇಲೆ ವಾಟ್ಸಾಪ್ ತೆಗೆದೆ.

ಇನ್‌ಸ್ಟಾಗ್ರಾಂ ಬಿಟ್ಟಿದ್ದಕ್ಕೆ ಯಾರೂ ನನಗೆ ತೊಂದ್ರೆ ಕೊಡಲಿಲ್ಲ. ವಾಟ್ಸಾಪ್ ಬಿಟ್ಟಿದ್ದಕ್ಕೆ ತೊಂದ್ರೆ ಕೊಟ್ಟಿದ್ದು ಸರ್ಕಾರದ ಕೆಲಸ ಮಾಡೋ ಜನ.

ಜುಲೈನಲ್ಲಿ ನಮ್ಮ ಕಡೆ ಮಳೆ ಹೆಂಗೆ ಹೊಯ್ತದೆ ಅಂತ ಕಾರವಾರದಲ್ಲಿ ಕೂತ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದಿನ ರಜೆ ಅಂತ ಆಗಿದೆ, ಗ್ರೂಪಿಗೆ ಬಂದಿದೆ, ನಮಗೆ ಗೊತ್ತಿಲ್ಲ. ಮಗಳು ಆ ಮಳೆಯಲ್ಲಿ ಗದ್ದೆ ಬದು ದಾಟಿ, ರಸ್ತೆ ಮೇಲೆ ಹರಿಯೋ ನೀರು ದಾಟಿ ಶಾಲೆಗೆ ಹೋಗಿ ಬೀಗ ನೋಡ್ಕೊಂಡು ಒಬ್ಬಳೇ ವಾಪಸ್ ಬಂದಳು. ರಜೆ ಕೊಡೋದು ಮಗು ಮನೆಯಲ್ಲಿ ಸೇಫಾಗಿ ಇರಲಿ ಅಂತಲ್ವಾ? ಶಾಲೆಗೆ ಹೋಗಿ ಕೇಳಿದ್ರೆ, ಗ್ರೂಪಿಗೆ ಹಾಕಿದ್ವಲ್ಲ, ನೀವೇ ಲೆಫ್ಟ್ ಆಗಿದ್ದೀರಿ ಅಂದ್ರು. ನಲ್ಲಿ ನೀರು ಯಾವ ದಿನ ಬಿಡ್ತಾರೆ ಅನ್ನೋದು ಗ್ರೂಪಿನಲ್ಲಿ. ರೇಷನ್ ಕಾರ್ಡಿನ ಇ-ಕೆವೈಸಿಗೆ ಕೊನೇ ದಿನ ಯಾವಾಗ ಅನ್ನೋದು ಗ್ರೂಪಿನಲ್ಲಿ. ಗ್ರಾಮಸಭೆ ಯಾವತ್ತು ಅನ್ನೋದು ಕೂಡ ಗ್ರೂಪಿನಲ್ಲಿ, ಪಂಚಾಯ್ತಿ ಎದುರಿನ ಬೋರ್ಡಿನಲ್ಲಿ ಹೋದ ವರ್ಷದ ಕಾಗದ ಮಾಸಿ ಬಿಳಿ ಆಗಿದೆ. ಕೊನೆಗೆ ಸೋತು ನಾನು ಮತ್ತೆ ವಾಟ್ಸಾಪ್ ಹಾಕ್ಕೊಂಡೆ. ನನಗೆ ಚಟ ಬಿಡೋಕೆ ಆಗಲಿಲ್ಲ ಅಂತ ದಯವಿಟ್ಟು ಯಾರೂ ಹೇಳಬೇಡಿ. ನಾನು ಬಿಟ್ಟಿದ್ದೆ. ನನ್ನನ್ನ ವಾಪಸ್ ಎಳ್ಕೊಂಡು ಬಂದ್ರು.

ಈಗ ಅವ್ವಿ ವಿಷಯ. ಇದಕ್ಕಾಗಿಯೇ ಈ ಪತ್ರ ಬರೀತಾ ಇರೋದು.

ಅವ್ವಿಗೆ ವಿಧವಾ ಪಿಂಚಣಿ ಬರ್ತದೆ. ಜೊತೆಗೆ ಮೊನ್ನೆ ಮೊನ್ನೆವರೆಗೂ ನೀರು ಇಳಿದ ಹೊತ್ತಿಗೆ ಹೊಳೆಗಿಳಿದು ಬಳಚು ಅನ್ನೋ ತಿನ್ನೋ ಚಿಪ್ಪು ಹೆಕ್ಕಿ ಮಾರ್ತಿದ್ದಳು, ಸೊಂಟದವರೆಗೆ ನೀರಿನಲ್ಲಿ ನಿಂತು ಮಾಡೋ ಕೆಲಸ ಅದು, ಬೆರಳೆಲ್ಲ ಚಿಪ್ಪಿಗೆ ಕುಯ್ದು ಹೋಗ್ತದೆ. ಹಾಗೆ ಉಳಿಸಿದ ದುಡ್ಡನ್ನ ತನ್ನ ಮಂಡಿ ಆಪರೇಷನ್ನಿಗೆ ಅಂತ ಬ್ಯಾಂಕಿನಲ್ಲಿ ಇಟ್ಟಿದ್ದಳು. ಒಂದಿನ ಪಿಂಚಣಿ ದಾಖಲೆ ಸರಿ ಇಲ್ಲದವರು ಬಂದು ಸರಿ ಮಾಡ್ಸಿಕೊಳ್ಳಿ ಅಂತ ಒಂದು ಮೆಸೇಜ್ ಬಂತು ಗ್ರೂಪಿಗೆ. ಅದರ ಕೆಳಗೆ ಅವ್ವಿದೂ ಸೇರಿ ಒಂದಷ್ಟು ಜನರ ಆಧಾರ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಎಲ್ಲದರ ಫೋಟೋ. ಪೂರ್ತಿ ನಂಬರ್, ಫೋಟೋ, ಹುಟ್ಟಿದ ದಿನ, ಖಾತೆ ಸಂಖ್ಯೆ, ಫೋನ್ ನಂಬರ್ ಬೇರೆ ಪೆನ್ನಿನಲ್ಲಿ ಮೇಲೆ ಬರೆದಿದ್ದು. ಆ ಗ್ರೂಪಿನಲ್ಲಿ ಯಾರಿದ್ದಾರೆ ಅಂತ ಅಡ್ಮಿನ್‌ಗೂ ಗೊತ್ತಿಲ್ಲ. ಊರು ಬಿಟ್ಟವರು, ಊರಿಗೆ ಯಾವತ್ತೋ ಬಂದ ಕಂಟ್ರಾಕ್ಟರು, ಲಿಂಕ್ ಸಿಕ್ಕಿ ಸೇರಿದವರು, ಎಲ್ಲ ಇದ್ದಾರೆ. ಒಂದು ಗ್ರೂಪಿಗೆ 1024 ಜನ ಸೇರಬಹುದು, ಯಾರೂ ಯಾರನ್ನೂ ಕೇಳೋದಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅವ್ವಿಗೆ ಫೋನ್ ಬಂತು. ಮಾತಾಡಿದವನು ಕನ್ನಡದಲ್ಲೇ ಮಾತಾಡಿದ. ಅವ್ವಿ ಹೆಸರು, ತೀರಿಹೋದ ನಮ್ಮಪ್ಪನ ಹೆಸರು, ಆಧಾರ್ ನಂಬರು, ಬ್ಯಾಂಕು, ಎಲ್ಲ ಅವನೇ ಹೇಳಿದ, ನಿಮ್ಮ ಪಿಂಚಣಿ ನಿಂತು ಹೋಗ್ತದೆ ತಾಯಿ, ಈಗ ಒಂದು ಮೆಸೇಜ್ ಬರ್ತದೆ ಅದರಲ್ಲಿರೋ ನಂಬರ್ ಹೇಳಿ ಅಂದ. ಇಷ್ಟೆಲ್ಲ ಗೊತ್ತಿರೋನು ಆಫೀಸಿನವನಲ್ಲದೆ ಮತ್ಯಾರು ಅಂತ ಅವ್ವಿ ಪಕ್ಕದ ಮನೆ ಹುಡುಗನ ಹತ್ರ ಓದಿಸಿ ಹೇಳಿದಳು. 38 ಸಾವಿರ ಹೋಯ್ತು. ನನಗೆ ಗೊತ್ತಾಗೋವಾಗ ಸಂಜೆ ಆಗಿತ್ತು, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ವಿ, ದುಡ್ಡು ಇವತ್ತಿಗೂ ಬಂದಿಲ್ಲ. ಅವ್ವಿ ಆಮೇಲೆ ಫೋನ್ ರಿಂಗಾದ್ರೆ ಮುಟ್ಟೋದಿಲ್ಲ. ಮಂಡಿ ನೋವಿನ ಮಾತೂ ಎತ್ತೋದಿಲ್ಲ, ಎತ್ತಿದ್ರೆ ದುಡ್ಡಿನ ಮಾತು ಬರ್ತದೆ ಅಂತ.

ಫೋಟೋ ಹಾಕಿದವರ ಹತ್ರ ಹೋಗಿ ಕೇಳಿದೆ. ಏನು ಉತ್ತರ ಬಂತು ಗೊತ್ತಾ? "ಒಳ್ಳೇದಕ್ಕೆ ಹಾಕಿದ್ದು ಮೇಡಂ, ಬೇಕಾದ್ರೆ ಡಿಲೀಟ್ ಮಾಡ್ತೇವೆ." ಅಷ್ಟೊತ್ತಿಗೆ ಎಷ್ಟು ಜನರ ಗ್ಯಾಲರಿಗೆ ಅದು ಇಳಿದಿದೆ, ಎಷ್ಟು ಕಡೆ ಫಾರ್ವರ್ಡ್ ಆಗಿದೆ, ಅದನ್ನೆಲ್ಲ ಯಾರು ಡಿಲೀಟ್ ಮಾಡ್ತಾರೆ? ವಾಟ್ಸಾಪ್ ಎನ್‌ಕ್ರಿಪ್ಟೆಡ್, ಸೇಫ್, ಅಂತ ಅವರೇ ನನಗೆ ಪಾಠ ಹೇಳಿದ್ರು. ದಾರಿಯಲ್ಲಿ ಯಾರೂ ಕದ್ದು ಓದೋದಿಲ್ಲ ಅಂತಷ್ಟೇ ಅದರ ಅರ್ಥ, ಗ್ರೂಪಿನ ಒಳಗೆ ಕೂತವನಿಗೆ ನೀವೇ ಕೈಯಾರೆ ಕೊಟ್ಟ ಮೇಲೆ ಯಾವ ಎನ್‌ಕ್ರಿಪ್ಷನ್ ಏನು ಮಾಡ್ತದೆ! ನನಗೆ ಸಿಟ್ಟು ಬಂದು ಜೋರಾಗಿ ಮಾತಾಡಿದೆ, ಆ ದಿನ ಸಂಜೆನೇ ನನ್ನನ್ನ ಗ್ರೂಪಿನಿಂದ ತೆಗೆದ್ರು. ಬಿಡ್ತೇನೆ ಅಂದಾಗ ಬಿಡಲಿಲ್ಲ, ಪ್ರಶ್ನೆ ಕೇಳಿದ್ಮೇಲೆ ಹೊರಗೆ ಹಾಕಿದ್ರು. ಈಗ ಮತ್ತೆ ನೀರು ಯಾವತ್ತು ಅಂತ ಪಕ್ಕದ ಮನೆಯವರನ್ನ ಕೇಳ್ಕೊಂಡು ಬದುಕ್ತಾ ಇದ್ದೇನೆ.

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2016ರ ಆಧಾರ್ ಕಾಯ್ದೆಯ 29ನೇ ಸೆಕ್ಷನ್ ಆಧಾರ್ ನಂಬರನ್ನ ಹೀಗೆ ಸಾರ್ವಜನಿಕವಾಗಿ ಹಾಕೋದನ್ನ ತಡೀತದೆ. ಕೊನೇ ನಾಲ್ಕು ಅಂಕೆ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಅಂತ ಸರ್ಕಾರವೇ ಕೊಟ್ಟಿದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ಕ್ಕೆ ಹೇಳಿದ್ರು, ಆ ಕೇಸು ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು, ಆಧಾರ್ ವಿಷಯಕ್ಕೇ ಹೋಗಿದ್ದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಇಷ್ಟೆಲ್ಲ ಇದ್ದೂ ನಮ್ಮ ಹಳ್ಳಿಯಲ್ಲಿ ಅವ್ವಿಯ ಪಾಸ್‌ಬುಕ್ ಫೋಟೋ ಊರೂರು ತಿರುಗ್ತದೆ ಅಂದ್ರೆ ಈ ಕಾನೂನುಗಳು ಯಾರಿಗೆ?

ವಾಟ್ಸಾಪ್ ಕಂಪನಿ ಬಗ್ಗೆನೂ ಒಂದು ಮಾತು. 2021ರಲ್ಲಿ ನಮ್ಮ ಹೊಸ ಪ್ರೈವಸಿ ಪಾಲಿಸಿ ಒಪ್ಪಿ, ಇಲ್ಲಾಂದ್ರೆ ಬಿಡಿ ಅನ್ನೋ ಥರ ವಾಟ್ಸಾಪ್‌ನವರು ಜನರನ್ನ ಒತ್ತಾಯ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ವಾಟ್ಸಾಪಿನ ಒಡೆಯ ಕಂಪನಿ ಮೆಟಾ ಮೇಲೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಅದರ ಮೇಲೆ ಅಪೀಲು ಹೋಗಿದೆ, ಅದು ಅವರವರ ಜಗಳ. ನನಗೆ ಮುಖ್ಯ ಅನ್ನಿಸಿದ್ದು, ಜನಕ್ಕೆ ಬೇರೆ ದಾರಿ ಇಲ್ಲ, ಹಾಗಾಗಿ ಒಪ್ಕೊಳ್ಳಲೇಬೇಕಾಯ್ತು ಅನ್ನೋದನ್ನ ಆಯೋಗ ಗುರುತಿಸಿದ್ದು. ನಮ್ಮಲ್ಲಿ ಆ ಬೇರೆ ದಾರಿಯನ್ನ ಮುಚ್ಚಿದ್ದು ಕಂಪನಿ ಒಂದೇ ಅಲ್ಲ. ನೋಟಿಸ್ ಬೋರ್ಡ್ ಖಾಲಿ ಬಿಟ್ಟವರು, ಡಂಗುರ ನಿಲ್ಲಿಸಿದವರು, ಎಲ್ಲದಕ್ಕೂ ಗ್ರೂಪ್ ನೋಡಿ ಅಂದವರು ಮುಚ್ಚಿದ್ದು. ಈಗ ಅದೇ ವಾಟ್ಸಾಪಿನ ಅಪ್ಡೇಟ್ಸ್ ಜಾಗದಲ್ಲಿ ಜಾಹೀರಾತು ಬೇರೆ ಬರೋ ಹಾಗಾಗಿದೆ. ನೀರು ಯಾವತ್ತು ಅಂತ ನೋಡೋಕೆ ಹೋದ ನಾವು ಅವರಿಗೆ ಗಿರಾಕಿಗಳು.

ವಾಟ್ಸಾಪಿನಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳೋದಿಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಸ್ತೆ ಬಂದ್ ಅಂತ ನಮಗೆ ಬೇಗ ತಿಳಿದಿದ್ದು ಹಾಗೇ. ಮುಂದಿನ ತಿಂಗಳು ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ ಗೋವಾದಲ್ಲಿದ್ದ ಯಜಮಾನರಿಗೆ ನಾನು ಮೆಸೇಜ್ ಮಾಡಿದ್ದೂ ಅದರಲ್ಲೇ. ಬೇಕಾದವರು ಇಟ್ಕೊಳ್ಳಲಿ. ಆದ್ರೆ ಮಳೆಗಾಲದಲ್ಲಿ ಕರೆಂಟ್ ಹೋಗ್ತದೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಹೋಗ್ತದೆ, ಘಟ್ಟದ ಮೇಲೆ ಸಿದ್ದಾಪುರ, ಜೋಯಿಡಾ ಕಡೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಬೇಕು ಅಂದ್ರೆ ಗುಡ್ಡ ಹತ್ತಬೇಕು. ಅವರಿಗೆ ಗ್ರೂಪಿನ ಸೂಚನೆ ಯಾವಾಗ ಮುಟ್ಟಬೇಕು? 2023ರ ಅಕ್ಟೋಬರ್‌ನಲ್ಲಿ ಎಲ್ಲರ ಫೋನೂ ಒಟ್ಟಿಗೆ ಜೋರಾಗಿ ಕೂಗಿ ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ಬಂತಲ್ಲ, ಅದಕ್ಕೆ ಯಾವ ಆ್ಯಪ್ ಬೇಕಿತ್ತು? ನಮ್ಮ ನಂಬರ್ ಯಾರಿಗೆ ಕಾಣ್ತು? ಕಾರವಾರದಲ್ಲಿ ಆಕಾಶವಾಣಿ ಇದೆ, ಅವ್ವಿ ಇವತ್ತಿಗೂ ರೇಡಿಯೋ ಕೇಳ್ತಾಳೆ. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ನೋಟಿಸ್ ಬೋರ್ಡು, ಪತ್ರಿಕೆ, ಸಾರ್ವಜನಿಕ ಘೋಷಣೆ, ಇಂಟರ್ನೆಟ್ ಅಂತ ಸಾಲಾಗಿ ಬರೆದಿದ್ದಾರೆ, ಅದರಲ್ಲಿ ಯಾವುದೋ ಒಂದು ಖಾಸಗಿ ಆ್ಯಪಿಗೆ ಸೇರಿದವರಿಗೆ ಮಾತ್ರ ಹೇಳಿ ಅಂತ ಎಲ್ಲೂ ಇಲ್ಲ.

ಹಾಗಾಗಿ ಮತ್ತೆ ಅದೇ ಕೇಳ್ತೇನೆ. ಆದೇಶ ಮಾಡಿ. ಸೂಚನೆ ಯಾವುದೇ ಇರಲಿ, ಮೊದಲು ಬೋರ್ಡಿಗೆ ಹಚ್ಚಲಿ, ತುರ್ತಿನದಾದ್ರೆ ಎಸ್ಸೆಮ್ಮೆಸ್ ಮತ್ತೆ ರೇಡಿಯೋದಲ್ಲಿ ಹೇಳಲಿ, ಆಮೇಲೆ ಬೇಕಾದ್ರೆ ವಾಟ್ಸಾಪಿಗೆ ಹಾಕಲಿ. ಅದರಲ್ಲೂ ಗ್ರೂಪ್ ಬೇಡ, ಬರೀ ಸೂಚನೆ ಕಳಿಸೋಕೆ ಅಂತ ಇರೋ ಚಾನೆಲ್ ಮಾಡಿದ್ರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣೋದಿಲ್ಲ, ಹೆಣ್ಮಕ್ಕಳಿಗೆ ರಾತ್ರಿ ಬರೋ ಗುರುತಿಲ್ಲದ ವಿಡಿಯೋ ಕಾಲ್ ಆದ್ರೂ ಕಡಿಮೆ ಆಗ್ತದೆ. ಹೋಮ್‌ವರ್ಕ್ ಪುಸ್ತಕದಲ್ಲಿ ಬರೆಸಲಿ, ಮೊದಲು ಹಾಗೇ ಇತ್ತು. ಯಾರದ್ದೇ ದಾಖಲೆ ಗ್ರೂಪಿಗೆ ಹಾಕಿದ್ರೆ ಹಾಕಿದವರ ಮೇಲೆ ಕ್ರಮ ಅಂತ ಸ್ಪಷ್ಟವಾಗಿ ಬರೀರಿ, ಈಗಾಗಲೇ ಹಾಕಿದ್ದನ್ನ ಹುಡುಕಿ ತೆಗೆಸಿ, ಯಾರ ದಾಖಲೆ ಹೋಗಿದೆಯೋ ಅವರಿಗೆಲ್ಲ ಹೇಳಿ ಕಳಿಸಿ, ಇನ್ನೊಬ್ಬ ಅವ್ವಿಗೆ ಅದೇ ಫೋನ್ ಬರೋದಕ್ಕೆ ಮುಂಚೆ.

ಜೂನ್ ಒಳಗೆ ಆಗಬೇಕು ಇದು. ಶಾಲೆ ಶುರುವಾಗ್ತದೆ, ಮಳೆನೂ ಶುರುವಾಗ್ತದೆ. ಈ ಪತ್ರದ ಪ್ರತಿಯನ್ನ ಅವ್ವಿಯ ದೂರಿನ ಕಾಗದದ ಜೊತೆ ನಾನೇ ಕಾರವಾರಕ್ಕೆ ತಂದು ನಿಮ್ಮ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ತೇನೆ. ಉತ್ತರವನ್ನ ಅಂಚೆಯಲ್ಲಿ ಕಳಿಸಿ.

ಇಂತಿ,
ಅಘನಾಶಿನಿ ದಂಡೆಯ ನಿಮ್ಮ ಜಿಲ್ಲೆಯ ಒಬ್ಬಳು ಪ್ರಜೆ