ಅಪ್ಪನ ಮಂಕಿ ಟೋಪಿ

ಪ್ರೀತಿಯ ಮಂಜ,

ಮೊನ್ನೆ ಫೋನಲ್ಲಿ ಕೇಳಿದೆಯಲ್ಲ, ಅಮೆರಿಕದ ಪೊಲೀಸರು ಒಳ್ಳೆಯವರು ಅಂತ ನೀನೇ ಹೇಳ್ತೀಯ, ಮತ್ತೆ ಅಲ್ಲಿನ ಕಪ್ಪು ಜನಕ್ಕೆ ಅವರ ಮೇಲೆ ಯಾಕೆ ಅಷ್ಟು ಸಿಟ್ಟು ಅಂತ. ಆಗ ಸುಮ್ನೆ ಮಾತು ತೇಲಿಸಿಬಿಟ್ಟೆ.

ನಾನಿರುವ ನ್ಯೂಜೆರ್ಸಿಯ ಎಡಿಸನ್ ಊರಲ್ಲಿ ನಮ್ಮ ಭಾರತದವರು ಜಾಸ್ತಿ. ಹೋದ ಚಳಿಗಾಲ ಕಾರು ಕೆಟ್ಟು ನಿಂತಾಗ ಪೊಲೀಸಪ್ಪನೊಬ್ಬ ಟೋ ಗಾಡಿ ಬರುವ ತನಕ ಜೊತೆಗೇ ಇದ್ದ. ಇದನ್ನು ಆಫೀಸಿನ ಕಪ್ಪು ಗೆಳೆಯನಿಗೆ ಹೇಳಿದರೆ ನಕ್ಕ. ಅವನು ಬೆಳೆದಿದ್ದು ಬಡ ಕೇರಿಯಲ್ಲಿ (ಕೇರಿ ಅಂದರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ). ಪೊಲೀಸ್ ಗಾಡಿ ಕಂಡರೆ, ಕೈಯಲ್ಲಿ ಏನೂ ಇಲ್ಲ ಅಂತ ಅವರಿಗೆ ಕಾಣಲಿ ಅಂತ, ಈಗಲೂ ಅವನ ಎರಡೂ ಕೈ ಸ್ಟೀರಿಂಗ್ ಮೇಲೆ ಬಂದು ಕೂರುತ್ತವಂತೆ.

ಇದು ಅವನೊಬ್ಬನ ಕಥೆಯಲ್ಲ. ನ್ಯೂಯಾರ್ಕ್‌ನಲ್ಲಿ 2011 ಒಂದೇ ವರ್ಷ ಪೊಲೀಸರು 6.85 ಲಕ್ಷ ಸಲ ಜನರನ್ನು ದಾರಿಯಲ್ಲಿ ತಡೆದಿದ್ದರು. ಬಹುಪಾಲು ಕಪ್ಪು ಜನ, ಇಲ್ಲ ಲ್ಯಾಟಿನೊಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು. ಹತ್ತರಲ್ಲಿ ಸುಮಾರು ಒಂಬತ್ತು ಸಲ ಏನೂ ಸಿಗದೆ ಹಾಗೇ ಬಿಟ್ಟರು. ಬಿಟ್ಟರೇನೋ ಸರಿ, ಆದರೆ ಮನೆಗೆ ಹೋದವನು ಅದನ್ನು ಮರೀತಾನಾ? ಗ್ಯಾಲಪ್ ಅನ್ನೋ ಸಂಸ್ಥೆ 2020ರಲ್ಲಿ ಮಾಡಿದ ಸಮೀಕ್ಷೆಯಲ್ಲಿ ಪೊಲೀಸರ ಮೇಲೆ ನಂಬಿಕೆ ಇದೆ ಅಂದ ಬಿಳಿಯರು ಶೇ 56, ಕಪ್ಪು ಜನ ಬರೀ ಶೇ 19. ಹಾಗಂತ ಪೊಲೀಸರೇ ಬೇಡ ಅಂತಲ್ಲ ಕಣೋ. ಅದೇ ವರ್ಷ ಗ್ಯಾಲಪ್‌ನವರೇ ಕೇಳಿದಾಗ, ನಮ್ಮ ಬೀದಿಗೆ ಪೊಲೀಸರು ಈಗ ಬರುವಷ್ಟಾದರೂ ಬರಲಿ, ಇಲ್ಲ ಇನ್ನೂ ಜಾಸ್ತಿ ಬರಲಿ ಅಂದ ಕಪ್ಪು ಜನ ಶೇ 81! ಕಳ್ಳಕಾಕರ ಕಾಟ ಅವರಿಗೂ ಇದೆ, ಅಲ್ವಾ? ಬಂದವನು ತಮ್ಮನ್ನೇ ಕಳ್ಳನ ಹಾಗೆ ನೋಡದಿದ್ದರೆ ಸಾಕು ಅವರಿಗೆ.

ನಮಗೇನು ಅಂದುಕೊಂಡಿದ್ದೆ. ಆಮೇಲೆ ಇಲ್ಲಿನ ಅಲಬಾಮಾ ರಾಜ್ಯದ 2015ರ ಸುದ್ದಿಯೊಂದನ್ನು ಓದಿದೆ. ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದ 57 ವರ್ಷದ ಅಜ್ಜ, ಮಗನ ಮನೆ ಇರುವ ಬಡಾವಣೆಯಲ್ಲೇ ಬೆಳಗ್ಗೆ ವಾಕಿಂಗ್ ಹೊರಟಿದ್ದರು. ಅಕ್ಕಪಕ್ಕದವರು ಯಾರೋ ಪೊಲೀಸರಿಗೆ ಫೋನ್ ಮಾಡಿದರು: ಸಣಕಲು ಕಪ್ಪು ಮನುಷ್ಯನೊಬ್ಬ ಓಡಾಡ್ತಿದ್ದಾನೆ, ಉಣ್ಣೆ ಟೋಪಿ ಹಾಕಿದ್ದಾನೆ. ಇಂಗ್ಲಿಷ್ ಬಾರದ ಆ ಅಜ್ಜನನ್ನು ಪೊಲೀಸನೊಬ್ಬ ಎತ್ತಿ ನೆಲಕ್ಕೆ ಕೆಡವಿದ. ಮೈಯ ಸ್ವಾಧೀನ ಭಾಗಶಃ ತಪ್ಪಿಹೋಯಿತು. ಎರಡು ಸಲ ವಿಚಾರಣೆ ನಡೆದರೂ ತೀರ್ಮಾನವಾಗಲಿಲ್ಲ, ಕೊನೆಗೆ ನ್ಯಾಯಾಧೀಶರೇ ಪೊಲೀಸನನ್ನು ಖುಲಾಸೆ ಮಾಡಿದರು.

ಮುಂದಿನ ತಿಂಗಳು ಅಪ್ಪ ಬರ್ತಿದ್ದಾರೆ. ಬೆಳಗಿನ ವಾಕಿಂಗ್ ಅವರು ಬಿಡುವವರಲ್ಲ, ನಿನಗೇ ಗೊತ್ತಲ್ಲ. ಜೇಬಲ್ಲಿಟ್ಟುಕೊಳ್ಳಲಿ ಅಂತ ವಿಳಾಸ, ನನ್ನ ನಂಬರ್ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಮಂಕಿ ಟೋಪಿ ತರಬೇಡಿ ಅಂತಲೂ ಹೇಳಬೇಕು. ಯಾಕೋ ಅಂತ ಕೇಳ್ತಾರೆ, ಏನು ಹೇಳಲಿ?

ನಿನ್ನ,
ರವಿ