ಹಳೆ ನಂಬರಿನ ಮನೆ ಈಗ ಎಲ್ಲಿದೆ? ನಗರಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಳೆಯ ಕಟ್ಟಡವೊಂದನ್ನು ಕೆಡವಬೇಡಿ, ಅದಕ್ಕೆ ಚರಿತ್ರೆಯಿದೆ ಎಂದು ಯಾರಾದರೂ ತಕರಾರು ತೆಗೆದರೆ ಅಧಿಕಾರಿಗಳು ಕೇಳುವುದು ಒಂದೇ: ದಾಖಲೆ ಎಲ್ಲಿ? ನ್ಯಾಯವಾದ ಪ್ರಶ್ನೆಯೇ. ಎಷ್ಟೋ ಸಲ ಉತ್ತರ ಇರುವುದು ಹಳೆಯ ಬೀದಿ ಡೈರೆಕ್ಟರಿಗಳಲ್ಲಿ, ಅಂದರೆ ಆಗಾಗ ಹೊಸದಾಗಿ ಅಚ್ಚಾಗುತ್ತಿದ್ದ ಊರಿನ ವಿಳಾಸ ಪುಸ್ತಕಗಳಲ್ಲಿ.

ಅವುಗಳ ಬೀದಿವಾರು ಭಾಗದಲ್ಲಿ ಮನೆಗಳು ಸಾಲಾಗಿ ಬರುತ್ತವೆ: ನಂಬರು, ವಾಸವಿದ್ದವರ ಹೆಸರು, ಕಸುಬು. ಅಡ್ಡರಸ್ತೆ ಎಲ್ಲಿ ಸೇರುತ್ತದೋ ಅಲ್ಲೇ ಅದರ ಹೆಸರನ್ನೂ ಅಚ್ಚು ಹಾಕುತ್ತಿದ್ದುದುಂಟು. ಒಂದು ವರ್ಷದ ಸಂಪುಟದಲ್ಲಿಲ್ಲದ ಮನೆ ಮರುವರ್ಷ ಕಾಣಿಸಿಕೊಂಡರೆ ಕಟ್ಟಡ ಎದ್ದ ಕಾಲ ಸುಮಾರಾಗಿ ಸಿಕ್ಕಂತೆ. ಸುಮಾರಾಗಿ ಯಾಕೆಂದರೆ, ಮುಖಪುಟದ ಮೇಲೆ 1890 ಎಂದಿದ್ದರೂ ಒಳಗಿನ ಮಾಹಿತಿ ಹೆಚ್ಚಾಗಿ ಹಿಂದಿನ ವರ್ಷದ್ದು. ಒಳಬಾಡಿಗೆಯವರು, ಬಡವರು, ಗಂಡನಿದ್ದ ಹೆಂಗಸರು ಬಹುಪಾಲು ಕಾಣುವುದೇ ಇಲ್ಲ. (ವಿಧವೆಯಾದ ಮೇಲೆ ಹೆಸರು ಬರುತ್ತದೆ!) ವಾಸವಿದ್ದವರೇ ಮಾಲೀಕರೆಂದೂ ಅಲ್ಲ, ಅದಕ್ಕೆ ತೆರಿಗೆ ವಹಿಗಳನ್ನೇ ನೋಡಬೇಕು.

ಇವನ್ನೆಲ್ಲ ಹೇಗೋ ನಿಭಾಯಿಸಬಹುದು. ಕೈಕಟ್ಟಿಹಾಕುವುದು ನಂಬರು ಬದಲಾವಣೆ. 1880ರ 14ನೇ ನಂಬರಿನ ಮನೆಯೇ ಇಂದಿನ 14 ಎಂದು ನಂಬಿದವರು ಪಕ್ಕದ ಕಟ್ಟಡದ ಚರಿತ್ರೆ ಬರೆದಿಟ್ಟಿರುತ್ತಾರೆ. ಹಾಗಾಗಬಾರದೆಂದರೆ ಬದಲಾವಣೆಗೆ ಮೊದಲಿನ ಮತ್ತು ನಂತರದ ಸಂಪುಟಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಮೂಲೆಮನೆಯನ್ನೋ ಬಹುಕಾಲ ಜಾಗ ಬಿಡದ ಅಂಗಡಿಯನ್ನೋ ಗುರುತು ಹಿಡಿದು, ಅವೇ ನೆರೆಹೊರೆಯ ಹೆಸರುಗಳು ಅದೇ ಸಾಲಿನಲ್ಲಿ ಬರುತ್ತವೆಯೇ ಎಂದು ಒಂದೊಂದಾಗಿ ತಾಳೆ ನೋಡಬೇಕು. ನಡುವಿನ ಒಂದು ಸಂಪುಟ ಕಳೆದಿದ್ದರೆ ಇಡೀ ಲೆಕ್ಕ ತಪ್ಪುತ್ತದೆ. ನಂಬರು ಬದಲಿಸಿದ ಕಚೇರಿ ಅಂದೇ ಹಾಳೆಯಲ್ಲಿ ಬರೆದುಕೊಂಡಿದ್ದನ್ನು ನಾಗರಿಕರು ಹೀಗೆ ಊಹಿಸುತ್ತ ಕೂರಬೇಕೇ?

ಷಿಕಾಗೊ ನಗರ 1909ರಲ್ಲಿ ಮನೆ ನಂಬರುಗಳನ್ನು ಸಾರಾಸಗಟಾಗಿ ಬದಲಿಸಿತು. ಜೊತೆಗೇ ಹಳೆಯ ನಂಬರಿಗೆ ಹೊಸದು ಯಾವುದೆಂಬ ಪಟ್ಟಿಯೂ ಅಚ್ಚಾಯಿತು. ಅಲ್ಲಿ ಮನೆಗಳ ಹಿನ್ನೆಲೆ ಹುಡುಕುವವರಿಗೆ ಇಂದಿಗೂ ಅದೇ ಆಧಾರ. ಸಿಡ್ನಿಯಲ್ಲಿ 1858ರಿಂದ 1930ರ ದಶಕದ ಆರಂಭದವರೆಗೆ ಬಂದ ಸ್ಯಾಂಡ್ಸ್ ಡೈರೆಕ್ಟರಿಗಳನ್ನು ನಗರಾಡಳಿತವೇ ಸ್ಕ್ಯಾನ್ ಮಾಡಿಸಿ ಎಲ್ಲರಿಗೂ ತೆರೆದಿಟ್ಟಿದೆ.

ನಾನು ಹೊಸ ಪ್ರಾಧಿಕಾರ ಕೇಳುತ್ತಿಲ್ಲ, ಸಮಿತಿಯಂತೂ ಬೇಡವೇ ಬೇಡ. ನಂಬರು ಅಥವಾ ಬೀದಿಯ ಹೆಸರು ಬದಲಿಸಿದ ಹಳೆಯ ಆದೇಶಗಳನ್ನೂ ಅವುಗಳ ಜೊತೆಗಿನ ಪಟ್ಟಿ, ನಕ್ಷೆಗಳನ್ನೂ ಕಡತಗಳಿಂದ ತೆಗೆಸಿ ಪ್ರಕಟಿಸಿ. ಇನ್ನು ಮುಂದೆ ಹಳೆ–ಹೊಸ ಪಟ್ಟಿಯಿಲ್ಲದೆ ಅಂಥ ಆದೇಶ ಹೊರಡದಿರಲಿ. ಗ್ರಂಥಾಲಯಗಳಲ್ಲಿ ಉಳಿದಿರುವ ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿಸುವಾಗ ಜಾಹೀರಾತಿನ ಪುಟಗಳನ್ನು ಬಿಡದಂತೆ ಹೇಳಿ. ಕೆಲವು ಅಂಗಡಿಗಳ ಮುಂಭಾಗದ ಚಿತ್ರ ಸಿಗುವುದು ಅಲ್ಲಿ ಮಾತ್ರ. ಕೆಡವಲು ಅನುಮತಿ ಕೋರುವ ಅರ್ಜಿಯಲ್ಲಿ ‘ಈ ಕಟ್ಟಡದ ಹಿಂದಿನ ನಂಬರುಗಳು’ ಎಂಬ ಒಂದು ಕಾಲಂ ಸೇರಿಸಲು ನಿಮ್ಮ ಒಂದು ಸಹಿ ಸಾಕು.

ಇಂತಿ,
ಹಳೆಯ ಕಟ್ಟಡಗಳ ಬೆನ್ನುಹತ್ತಿದ ಒಬ್ಬ ನಾಗರಿಕ